ಹುಕುಮಿನಿಂದ ಹುಟ್ಟಿದ ಕ್ರಿಯಾಪದಗಳು

ಇಂಗ್ಲಿಷಿನಲ್ಲಿ ‘ಫೂಜಿಲೌ’ ಎಂಬ ಕ್ರಿಯಾಪದವೊಂದಿತ್ತು. ಹಿಂದುಸ್ತಾನದಲ್ಲಿ ನೌಕರಿ ಮಾಡಿದ ಬಿಳಿಯರ ಬಾಯಲ್ಲಿ ಅದು ಸಲೀಸಾಗಿ ಓಡಾಡುತ್ತಿತ್ತು. ಇವತ್ತು ಲಂಡನ್ನಿನ ಬೀದಿಯಲ್ಲಿ ನಿಂತು ಆ ಪದವನ್ನು ಕೂಗಿದರೂ ಯಾರೂ ತಿರುಗಿ ನೋಡಲಿಕ್ಕಿಲ್ಲ. ಆದರೆ ನಮ್ಮ ಲಿಂಗಸುಗೂರಿನ ಯಾವ ಓಣಿಗೆ ಹೋದರೂ ಅದರ ಅರ್ಥ ಸಿಗುತ್ತದೆ. ಉಣ್ಣಲೊಲ್ಲೆ ಎಂದು ಹಟ ಹಿಡಿದ ಮೊಮ್ಮಗನನ್ನು ಸೊಂಟದ ಮೇಲೆ ಕೂಡಿಸಿಕೊಂಡು ಕಟ್ಟೆಗೆ ಬಂದ ಮುದುಕಿಯನ್ನು ಏನು ನಡೆಸೀಯವ್ವಾ ಎಂದು ಕೇಳಿದರೆ, “ಏನ್ ಮಾಡ್ಲೆವ್ವಾ, ಪುಸಲಾಯಿಸಿ ಉಣಸಾಕ ಹತ್ತೀನಿ” ಅನ್ನುತ್ತಾಳೆ. ಅವಳು ಮಾಡುತ್ತಿರುವುದೇ ಫೂಜಿಲೌ.

ಈ ಪದ ದಾಖಲಾಗಿರುವುದು 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ನಿಘಂಟಿನಲ್ಲಿ. ಭಾರತದಲ್ಲಿದ್ದ ಇಂಗ್ಲಿಷರ ಮಾತಿನೊಳಗೆ ಸೇರಿಕೊಂಡಿದ್ದ ದೇಶೀ ಪದಗಳ ಸಂಗ್ರಹ ಅದು. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಕೂಡಿ ಮಾಡಿದ್ದು. ಯೂಲ್ ಬಂಗಾಳದ ಸೈನ್ಯದಲ್ಲಿ ಎಂಜಿನಿಯರ್ ಆಗಿದ್ದವನು. ಬರ್ನೆಲ್ ನಮಗೆ ಹತ್ತಿರದವನು. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ, ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಬರೆದ ಅವನ ದೊಡ್ಡ ಗ್ರಂಥ 1874ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ನಿಘಂಟು ಹೊರಬರುವುದನ್ನು ನೋಡಲು ಅವನು ಉಳಿಯಲಿಲ್ಲ, 1882ರಲ್ಲೇ ತೀರಿಕೊಂಡ. 1903ರಲ್ಲಿ ವಿಲಿಯಂ ಕ್ರೂಕ್ ಎಂಬಾತ ಆ ನಿಘಂಟನ್ನು ತಿದ್ದಿ, ಬೆಳೆಸಿ, ಎರಡನೆಯ ಸಲ ತಂದ.

ಅದರಲ್ಲಿ ಫೂಜಿಲೌಗೆ ಸಿಕ್ಕಿರುವ ಜಾಗ ಒಂದೆರಡು ಸಾಲು ಮಾತ್ರ. ಹಿಂದುಸ್ತಾನಿಯ ‘ಫುಸಲಾನಾ’ ಎಂದರೆ ಮುಖಸ್ತುತಿ ಮಾಡಿ, ನಯವಾಗಿ ಮಾತಾಡಿ ಒಲಿಸಿಕೊಳ್ಳುವುದು. ಅದರ ಆಜ್ಞಾರೂಪ ‘ಫುಸಲಾವ್’. ಇಂಗ್ಲಿಷರು ಈ ಆಜ್ಞಾರೂಪವನ್ನೇ ಮೂಲ ಕ್ರಿಯಾಪದವೆಂದು ಹಿಡಿದು ತಮ್ಮ ಭಾಷೆಯಲ್ಲಿ ನಡೆಸಿದರು. ಅಷ್ಟು ಹೇಳಿ ನಿಘಂಟು ಇನ್ನು ಕೆಲವು ಪದಗಳತ್ತ ಬೆರಳು ತೋರಿಸುತ್ತದೆ. ಆ ಬೆರಳು ಹಿಡಿದು ಹೋದರೆ ಒಂದು ಕುಟುಂಬವೇ ಎದುರಾಗುತ್ತದೆ. ‘ಬನಾವ್’ನಿಂದ ಬಂದ ಬನೌ, ಅಂದರೆ ಇಲ್ಲದ್ದನ್ನು ಕಟ್ಟಿ ಹೇಳು. ‘ಪಕಡಾವ್’ನಿಂದ ಪಕರೌ, ಬಲವಂತದಿಂದ ಹಿಡಿ. ‘ಲಗಾವ್’ನಿಂದ ಲಗೌ, ದೋಣಿಯನ್ನು ದಂಡೆಗೆ ನಿಲ್ಲಿಸು. ‘ಘಬರಾವ್’ನಿಂದ ಗಬ್ರೌ, ಹೆದರಿಸಿ ದಿಕ್ಕು ತಪ್ಪಿಸು. ‘ಸಮಝಾವ್’ನಿಂದ ಸಮ್‌ಜಾವ್. ಇದರ ಅರ್ಥಕ್ಕೆ ಆಮೇಲೆ ಬರುತ್ತೇನೆ, ಅದು ನಮ್ಮೂರಿಗೆ ಸಂಬಂಧಪಟ್ಟದ್ದು.

ಇವೆಲ್ಲ ಆಜ್ಞಾರೂಪಗಳೇ ಯಾಕೆ? ಒಂದು ಭಾಷೆಯ ಕ್ರಿಯಾಪದ ಇನ್ನೊಂದು ಭಾಷೆಗೆ ಹೋಗುವಾಗ ಅದರ ಹತ್ತಾರು ರೂಪಗಳಲ್ಲಿ ಯಾವುದು ಬೇಕಾದರೂ ಹೋಗಬಹುದಿತ್ತು: ಮಾಡಿದ, ಮಾಡುತ್ತಾನೆ, ಮಾಡೋಣ. ಇಂಗ್ಲಿಷಿಗೆ ಹೋದದ್ದು ‘ಮಾಡು’ ಎಂಬ ಒಂದೇ ರೂಪ. ಅಡಿಗೆಯವನಿಗೆ, ಕುದುರೆ ಕಾಯುವವನಿಗೆ, ಪಲ್ಲಕ್ಕಿ ಹೊರುವವರಿಗೆ, ಸಿಪಾಯಿಗೆ ಸಾಹೇಬ ಆಡಬೇಕಾದ ಮಾತು ಹುಕುಂ ಒಂದೇ ಆಗಿತ್ತು. ಹಿಂದುಸ್ತಾನಿಯಲ್ಲಿ ಆಜ್ಞೆಗೂ ಮೂರು ಮೆಟ್ಟಿಲಿವೆ. ಸಲಿಗೆಯವರಿಗೆ ‘ಸಮಝಾ’, ಸಮಾನರಿಗೆ ಅಥವಾ ಕೈಕೆಳಗಿನವರಿಗೆ ‘ಸಮಝಾವ್’, ಗೌರವಸ್ಥರಿಗೆ ‘ಸಮಝಾಇಯೇ’. ಇಂಗ್ಲಿಷಿಗೆ ಏರಿದ್ದೆಲ್ಲ ನಡುವಿನ ಮೆಟ್ಟಿಲಿನ ಪದ. ‘ಇಯೇ’ ಎಂಬ ಗೌರವದ ರೂಪದಿಂದ ಹುಟ್ಟಿದ ಒಂದೇ ಒಂದು ಕ್ರಿಯಾಪದವೂ ಆ ನಿಘಂಟಿನಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮಪ್ಪ ತಹಸೀಲ ಕಚೇರಿಯ ಮುಂದೆ ಬೇವಿನ ಗಿಡದ ಬುಡದಲ್ಲಿ ಕುಂತು ಅರ್ಜಿ ಬರೆದುಕೊಡುತ್ತಿದ್ದ. ನಿಜಾಮನ ಕಾಲದಲ್ಲಿ ಉರ್ದು ಸಾಲಿ ಕಲಿತವನು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಉರ್ದು, 1956ರ ನಂತರ ಅರ್ಜಿಯೂ ಕನ್ನಡಕ್ಕೆ ತಿರುಗಿತು. ನಾನು ಇಂಗ್ಲಿಷ್ ಎಂ.ಎ. ಮುಗಿಸಿ ಊರಿಗೆ ಬಂದು ಈ ಪದಗಳ ಪಟ್ಟಿಯನ್ನು ಅಪ್ಪನಿಗೆ ಓದಿ ಹೇಳಿದಾಗ ಆತ ಪ್ರತಿಯೊಂದಕ್ಕೂ ಗೋಣು ಹಾಕಿದ. “ಇವೆಲ್ಲ ನಮ್ಮವss ಅದಾವಲ್ಲವ್ವಾ. ಖರೆ, ಹುಕುಂ ಮಾಡಾಕ ಕಲ್ತ ಮಾತು ಬ್ಯಾರೆ, ಬಾಳೇ ಮಾಡಾಕ ಕಲ್ತ ಮಾತು ಬ್ಯಾರೆ” ಅಂದ. ನನ್ನ ಅಷ್ಟೂ ವರ್ಷದ ಪಾಠದಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಾನು ಈ ವಿಷಯದ ಮೇಲೆ ಹೇಳಿಲ್ಲ.

ಅಪ್ಪನ ಮಾತಿಗೆ ಸಾಕ್ಷಿ ಕೇಳಿದರೆ ಊರೇ ಇದೆ. ಲಿಂಗಸುಗೂರು 1905ರವರೆಗೆ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆಯಾಗಿತ್ತು. ಆಮೇಲೆ ಅದನ್ನು ಒಡೆದು ತಾಲ್ಲೂಕನ್ನು ರಾಯಚೂರಿಗೆ ಸೇರಿಸಿದರು. ಈಗಲೂ ಹಳೆಯ ಊರಿಗೆ ಕಸಬಾ ಲಿಂಗಸುಗೂರು ಎಂದೇ ಹೆಸರು. ಅದರಿಂದಾಚೆ ಬೆಳೆದದ್ದು ದಂಡಿನ ಊರು. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಒಂದು ಠಾಣ್ಯ ಇಲ್ಲಿತ್ತು. ಸಿಪಾಯಿಗಳು ಈ ದೇಶದವರು, ಅಧಿಕಾರಿಗಳು ಇಂಗ್ಲಿಷರು, ಖರ್ಚು ನಿಜಾಮನದು. ಆ ಖರ್ಚಿನ ಬಾಕಿಗೆ ಅಂತಲೇ 1853ರಲ್ಲಿ ರಾಯಚೂರು ದೋಆಬವನ್ನು ಈಸ್ಟ್ ಇಂಡಿಯಾ ಕಂಪನಿ ತನ್ನ ಕೈಗೆ ತೆಗೆದುಕೊಂಡಿತು, 1860ರಲ್ಲಿ ದೋಆಬ ತಿರುಗಿ ನಿಜಾಮನಿಗೆ ಸೇರಿತು. ಇಂಥ ಸೈನ್ಯದ ಮೈದಾನದಲ್ಲಿ ಸಾಹೇಬನಿಗೂ ಸಿಪಾಯಿಗೂ ನಡುವಿನ ಭಾಷೆ ಹಿಂದುಸ್ತಾನಿ. ಅದೂ ಆಜ್ಞೆಯ ಹಿಂದುಸ್ತಾನಿ.

ಈಗ ಸಮ್‌ಜಾವ್. ಹಿಂದುಸ್ತಾನಿಯಲ್ಲಿ ಸಮಝಾನಾ ಅಂದರೆ ತಿಳಿಸಿಹೇಳುವುದು, ಎಚ್ಚರಿಸುವುದು. ಇಂಗ್ಲಿಷರ ಬಾಯಲ್ಲಿ ಆ ಪದ ಬರುವಾಗ ಸಾಮಾನ್ಯವಾಗಿ ಮೈಮೇಲೆ ಕೈಮಾಡುವ ಅರ್ಥವೂ ಅದರೊಳಗೆ ಇರುತ್ತದೆ ಎಂದು ನಿಘಂಟು ಹೇಳುತ್ತದೆ. ನಮ್ಮ ಕನ್ನಡಕ್ಕೂ ಅದೇ ಬೇರಿನಿಂದ ‘ಸಮಜಾಯಿಸು’ ಬಂದಿದೆ. ನಾವು ಸಮಜಾಯಿಸುವುದು ಗಂಡನ ಮನೆಗೆ ಹೋಗಲೊಲ್ಲದ ಮಗಳನ್ನು, ಹೊಲದ ಬದುವಿಗೆ ಜಗಳಾಡುವ ಅಣ್ಣತಮ್ಮಂದಿರನ್ನು, ಸಾಲಿ ಬಿಡುತ್ತೇನೆಂದು ಕುಂತ ಹುಡುಗನನ್ನು. ಮಗ್ಗುಲಲ್ಲಿ ಕುಂತು, ನೀರು ಕುಡಿಸಿ, ಅವರ ಮಾತು ಪೂರಾ ಕೇಳಿ ಆಮೇಲೆ ಆಡುವ ಮಾತದು. ಹೊಡೆದರೆ ಅದು ಸಮಜಾಯಿಸಿದಂತೆ ಆಗುವುದೇ ಇಲ್ಲ. ಕಚೇರಿಗಳಲ್ಲಿ ನೋಟಿಸಿಗೆ ‘ಸಮಜಾಯಿಷಿ’ ಕೊಡುವುದು ಇದರದೇ ಮಗ್ಗುಲ ಪದ.

ಎರಡು ಅರ್ಥಗಳ ನಡುವಿನ ಈ ದೂರ ಎಷ್ಟೆಂದು 1858ರಲ್ಲಿ ಈ ಸೀಮೆ ಕಂಡಿತು. ಸುರಪುರದ ರಾಜಾ ವೆಂಕಟಪ್ಪ ನಾಯಕ ಆಗ ಇಪ್ಪತ್ತರ ಹರೆಯದಲ್ಲಿದ್ದ. ಅವನ ಬಾಲ್ಯದಲ್ಲಿ ಸುರಪುರದ ಆಡಳಿತ ನೋಡಿಕೊಂಡವನು ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್. 1839ರಲ್ಲಿ ಠಗ್ಗನೊಬ್ಬನ ಕಥೆಯನ್ನು ಕಾದಂಬರಿ ಮಾಡಿ ‘ಠಗ್’ ಎಂಬ ನಮ್ಮ ಪದವನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿದವನು ಇವನೇ. ಆ ಹುಡುಗ ಟೇಲರನನ್ನು ‘ಅಪ್ಪ’ ಎಂದು ಕರೆಯುತ್ತಿದ್ದ. ಟೇಲರ್ ಬೇರೆ ಸೀಮೆಗೆ ಹೋದ ಮೇಲೆ ರಾಜ ಇಂಗ್ಲಿಷರ ವಿರುದ್ಧ ದಂಡು ಕೂಡಿಸತೊಡಗಿದ. ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಮೊದಲು ತನ್ನ ಸಹಾಯಕ ಕ್ಯಾಂಪ್‌ಬೆಲ್‌ನನ್ನು ರಾಜನಿಗೆ ಬುದ್ಧಿ ಹೇಳಲು ಕಳಿಸಿದ. ಅದರ ಹಿಂದೆಯೇ ಫೆಬ್ರವರಿಯಲ್ಲಿ ಲಿಂಗಸುಗೂರಿನ ಠಾಣ್ಯದಿಂದ ಸೈನ್ಯ ಹೊರಟಿತು. ಸುರಪುರದ ಬಳಿ ಕಾಳಗ ನಡೆಯಿತು, ಕ್ಯಾಪ್ಟನ್ ನ್ಯೂಬೆರಿ ಸತ್ತ, ರಾಜ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಮರಣದಂಡನೆಯನ್ನು ಇಳಿಸಿ ಇಳಿಸಿ ಕೆಲವು ವರ್ಷಗಳ ಸೆರೆವಾಸಕ್ಕೆ ತಂದರು. ಸೆರೆಮನೆಯ ಕೋಟೆಗೆ ಒಯ್ಯುವ ದಾರಿಯಲ್ಲಿ, ಅದೇ ವರ್ಷದ ಮೇ ತಿಂಗಳಲ್ಲಿ, ಪಿಸ್ತೂಲಿನ ಗುಂಡಿಗೆ ಅವನ ಪ್ರಾಣ ಹೋಯಿತು. ಮೊದಲು ಬುದ್ಧಿ ಹೇಳುವವನು, ಅವನ ಬೆನ್ನಿಗೆ ತೋಪು. ನಿಘಂಟಿನವರು ‘ಸಮ್‌ಜಾವ್’ಗೆ ಕೊಟ್ಟ ಅರ್ಥ ಓದುವಾಗೆಲ್ಲ ನನಗೆ ಈ ಫೆಬ್ರವರಿ ನೆನಪಾಗುತ್ತದೆ.

ಗಬ್ರೌ ಕಥೆಯೂ ಇಂಥದ್ದೇ. ಹಿಂದುಸ್ತಾನಿಯ ಘಬರಾನಾ ಹೆಚ್ಚಾಗಿ ಹೆದರಿದವನ ಕ್ರಿಯೆ, ಅವನ ಎದೆ ಡವಗುಟ್ಟುವುದು. ‘ಘಬರಾವ್ ಮತ್’ ಅನ್ನುವುದು ಧೈರ್ಯ ಹೇಳುವ ಮಾತು. ಇಂಗ್ಲಿಷಿಗೆ ಹೋದಾಗ ಅದು ಹೆದರಿಸುವವನ ಕ್ರಿಯೆಯಾಯಿತು. ನಮ್ಮ ‘ಗಾಬರಿ’ ಇಂದಿಗೂ ಹೆದರಿದವನ ಜೊತೆಗೇ ನಿಂತಿದೆ. ಗಾಬರಿಯಾಯಿತು, ಗಾಬರಿಬಿದ್ದ, “ಗಾಬರ್ಯಾಗಬ್ಯಾಡ”. ಪದವೊಂದೇ, ಅದನ್ನು ಕೇಳಿಸಿಕೊಂಡ ಜಾಗ ಬೇರೆ. ಒಬ್ಬರು ಕುದುರೆಯ ಮೇಲಿಂದ ಕೇಳಿಸಿಕೊಂಡರು, ಇನ್ನೊಬ್ಬರು ನೆಲದ ಮೇಲೆ ನಿಂತು.

ಇನ್ನೊಂದು ಪದ ‘ಡಂಬ್‌ಕೌ’. ಗದರಿಸಿ ಬಾಯಿ ಮುಚ್ಚಿಸುವುದು ಎಂದು ಅರ್ಥ. ಇಂಗ್ಲಿಷಿನಲ್ಲಿ ‘ಡಂಬ್’ ಅಂದರೆ ಮೂಕ, ‘ಕೌ’ ಎಂದರೆ ಆಕಳು ಅಷ್ಟೇ ಅಲ್ಲ, ಹೆದರಿಸಿ ಅಡಗಿಸುವ ಕ್ರಿಯೆಯೂ ಹೌದು. ಕೇಳಿದವರಿಗೆ ಅಪ್ಪಟ ಇಂಗ್ಲಿಷ್ ಪದ ಅನ್ನಿಸಬೇಕು, ಹಾಗೆ ಕೂಡಿಬಂದಿದೆ. ಯೂಲ್ ಮತ್ತು ಬರ್ನೆಲ್ ಇದನ್ನು ‘ದಮ್ ಖಾನಾ’, ಅಂದರೆ ಉಸಿರು ನುಂಗಿ ಸುಮ್ಮನಾಗುವುದು, ಎಂಬ ನುಡಿಗಟ್ಟಿನಿಂದ ಬಂದದ್ದೆಂದು ಬರೆದರು. ಕ್ರೂಕ್ 1903ರಲ್ಲಿ ಚೌಕ ಕಂಸ ಹಾಕಿ, ‘ಧಮಕಾನಾ’ದಿಂದ ಬಂದಿರುವುದೇ ಹೆಚ್ಚು ಸಂಭವ ಎಂದು ತಿದ್ದಿದ. ಕ್ರೂಕನ ಮಾತೇ ಸರಿ ಎಂದು ನನ್ನ ನಂಬಿಕೆ. ನಮ್ಮ ಬಸ್ ಸ್ಟ್ಯಾಂಡಿನ ಯಾವ ಹಮಾಲನೂ ‘ಧಮಕಿ’ ಹಾಕುವುದು ಅಂದರೇನೆಂದು ಹೇಳಬಲ್ಲ, ದಮ್ ತಿನ್ನುವವರೆಗೆ ಹೋಗುವ ಅಗತ್ಯವೇ ಬರುವುದಿಲ್ಲ.

ಲಗೌ ಪದಕ್ಕೆ ಬರುವಾಗ ನಿಘಂಟು ಖುಷಿಯಾಗಿದೆ. ಜಾನ್ ಶೇಕ್ಸ್‌ಪಿಯರ್ ಎಂಬ ಹಿಂದುಸ್ತಾನಿ ಪಂಡಿತನ ಕೋಶದಲ್ಲಿ ‘ಲಗಾನಾ’ಕ್ಕೆ ಕೊಟ್ಟ ಅರ್ಥಗಳ ಉದ್ದನೆಯ ಸಾಲನ್ನು ಪೂರ್ತಿ ಎತ್ತಿ ಬರೆದಿದೆ. ಅಂಟಿಸು, ಸೇರಿಸು, ನೆಡು, ಮುಚ್ಚು, ಹೇರು, ಕೆಲಸಕ್ಕೆ ತೊಡಗಿಸು, ಚಾಡಿ ಹೇಳು. ಇಷ್ಟೆಲ್ಲ ಕೊಟ್ಟು ದೋಣಿಯನ್ನು ದಂಡೆಗೆ ನಿಲ್ಲಿಸುವ ಅರ್ಥವನ್ನೇ ಆತ ಬಿಟ್ಟಿದ್ದಾನಲ್ಲ ಎಂದು ಎತ್ತಿತೋರಿಸುತ್ತದೆ. ಗಂಗಾನದಿಯ ಮೇಲೆ ದೋಣಿಯಲ್ಲಿ ದಿನಗಟ್ಟಲೆ ಪ್ರಯಾಣ ಮಾಡಿದ ಇಂಗ್ಲಿಷರಿಗೆ ಆ ಅರ್ಥವೇ ಮುಖ್ಯವಾಗಿತ್ತು.

ನಮಗೆ ‘ಲಗಾಯಿಸು’ ಇದೆ, ದಂಡ ಲಗಾಯಿಸುತ್ತೇವೆ, ಆಳು ಲಗಾಯಿಸುತ್ತೇವೆ. ಆದರೆ ಈ ಪದ ನಮ್ಮಲ್ಲಿ ಅಷ್ಟು ಹಬ್ಬಲಿಲ್ಲ. ಯಾಕೆಂದರೆ ಲಗಾನಾದ ಸರಿಸಮ ನಿಲ್ಲುವ ಅಚ್ಚಗನ್ನಡ ಪದವೊಂದು ನಮ್ಮ ಸೀಮೆಯಲ್ಲಿ ಆಗಲೇ ಇತ್ತು, ‘ಹಚ್ಚು’. ದೀಪ ಹಚ್ಚು, ಸುಣ್ಣ ಹಚ್ಚು, ಎಣ್ಣೆ ಹಚ್ಚು, ಕೂಸನ್ನು ಸಾಲಿಗೆ ಹಚ್ಚು, ಆಳನ್ನು ಕಳೆ ತೆಗೆಯಲಿಕ್ಕೆ ಹಚ್ಚು, ಇಬ್ಬರ ನಡುವೆ ಜಗಳ ಹಚ್ಚು, ಗಾಡಿ ಬಾಜೂಕ ಹಚ್ಚು. ಜಲದುರ್ಗದ ಕಡೆ ಕೃಷ್ಣೆಯಲ್ಲಿ ಹರಿಗೋಲು ಹಾಕುವವರೂ ದಂಡಿಗೆ ‘ಹಚ್ಚು’ತ್ತಾರೆ. ಶೇಕ್ಸ್‌ಪಿಯರನ ಪಟ್ಟಿಯಲ್ಲಿರುವ ಬಹುಪಾಲು ಅರ್ಥ, ಅವನು ಮರೆತ ಅರ್ಥವೂ ಸೇರಿ, ಈ ಎರಡಕ್ಷರದಲ್ಲಿ ಇದೆ. ಬೆಂಗಳೂರಿನ ಕಡೆಯವರು ನಮ್ಮ ‘ಹಚ್ಚು’ ಕೇಳಿ ನಗುವುದುಂಟು. ನಗಬಾರದು, ಹೀಗೆ ದುಡಿಯುವ ಕ್ರಿಯಾಪದ ಯಾವ ಭಾಷೆಗಾದರೂ ಆಸ್ತಿ.

ಪದಗಳನ್ನು ಒಳಗೆ ಕರೆದುಕೊಳ್ಳುವ ರೀತಿಯಲ್ಲೂ ವ್ಯತ್ಯಾಸವಿದೆ. ಇಂಗ್ಲಿಷರು ‘ಫುಸಲಾವ್’ ಎಂಬ ಆಡಿದ ಮಾತನ್ನು ಬಾಲಸಮೇತ ಎತ್ತಿಕೊಂಡರು. ಕನ್ನಡ ಹಾಗೆ ಮಾಡಲಿಲ್ಲ. ಬಾಲ ಬಿಟ್ಟು ಬುಡ ಹಿಡಿಯಿತು. ‘ಫುಸಲಾ’ ಎಂಬ ಬುಡಕ್ಕೆ ನಡುವೆ ಒಂದು ಯಕಾರ ಕೊಟ್ಟು, ತನ್ನ ‘ಇಸು’ ಪ್ರತ್ಯಯ ಕೂಡಿಸಿತು. ಸಂಸ್ಕೃತದ ಯೋಚನೆಯನ್ನು ಯೋಚಿಸು ಮಾಡಿಕೊಂಡ ಅದೇ ಇಸು. ಒಮ್ಮೆ ಇಸು ಹತ್ತಿತೆಂದರೆ ಪದಕ್ಕೆ ಎಲ್ಲ ಕಾಲ, ಎಲ್ಲ ಪುರುಷ ಬಂದವು. ಪುಸಲಾಯಿಸಿದಳು, ಪುಸಲಾಯಿಸೋಣ, ಪುಸಲಾಯಿಸದಿದ್ದರೆ. ಇದೇ ದಾರಿಯಲ್ಲಿ ಬಂದವು ನಿಭಾಯಿಸು, ಸತಾಯಿಸು, ಜಮಾಯಿಸು, ಚಲಾಯಿಸು, ಬದಲಾಯಿಸು, ದಬಾಯಿಸು, ದೌಡಾಯಿಸು. ಇವು ಹೈದರಾಬಾದ್ ಸೀಮೆಯಲ್ಲಷ್ಟೇ ನಿಲ್ಲಲಿಲ್ಲ. ಮೈಸೂರಿನ ಪತ್ರಿಕೆಯಲ್ಲಿ ಅಗ್ನಿಶಾಮಕ ದಳ ದೌಡಾಯಿಸುತ್ತದೆ, ಮಂಗಳೂರಿನಲ್ಲಿ ಮತ ಚಲಾಯಿಸುತ್ತಾರೆ.

ಆ ನಿಘಂಟಿನ ಹೆಸರಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಹಾಬ್ಸನ್, ಜಾಬ್ಸನ್ ಎಂಬ ಇಬ್ಬರು ಮನುಷ್ಯರು ಎಲ್ಲಿಯೂ ಇರಲಿಲ್ಲ. ಮೊಹರಂ ಮೆರವಣಿಗೆಯಲ್ಲಿ ಜನ ಎದೆ ಬಡಿದುಕೊಳ್ಳುತ್ತ ‘ಯಾ ಹಸನ್, ಯಾ ಹುಸೇನ್’ ಎಂದು ಕೂಗುವುದನ್ನು ಬ್ರಿಟಿಷ್ ಸಿಪಾಯಿಗಳು ಹಾಗೆ ಕೇಳಿಸಿಕೊಂಡರು, ತಮ್ಮ ದೇಶದ ಎರಡು ಅಡ್ಡಹೆಸರುಗಳಾಗಿ ತಿರುಗಿಸಿಕೊಂಡರು. ನಮ್ಮ ತಾಲ್ಲೂಕಿನ ಮುದಗಲ್ಲಿನಲ್ಲಿ ಮೊಹರಂ ದೊಡ್ಡ ಹಬ್ಬ. ಕೋಟೆಯ ಹತ್ತಿರ ಹುಸೇನಿ ಆಲಂ ದರ್ಗಾಕ್ಕೆ ಸುತ್ತಲ ಹಳ್ಳಿಗಳಿಂದ ಎಲ್ಲ ಜಾತಿಯ ಜನ ಹರಿದು ಬರುತ್ತಾರೆ. ಅಲಾಯಿ ಕುಣಿ ತೋಡುತ್ತಾರೆ, ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುತ್ತಾರೆ, ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಹಾಡಿನಲ್ಲಿ ಹೇಳುತ್ತಾರೆ, ಹರಕೆ ಹೊತ್ತವರು ಚೋಂಗೆ ಮಾಡಿ ಒಯ್ಯುತ್ತಾರೆ. ಮಕ್ಕಳಾಗದವರು ಬೇಡಿಕೊಂಡು, ಮಕ್ಕಳಾದ ಮೇಲೆ ಹೆಸರಿಡುತ್ತಾರೆ. ಹಾಗಾಗಿ ನಮ್ಮ ಹಾಜರಿ ಪುಸ್ತಕಗಳಲ್ಲಿ ಹುಸೇನಪ್ಪ, ಹುಸೇನಮ್ಮ, ಮೌಲಪ್ಪ ಎಂಬ ಹಿಂದೂ ಹುಡುಗ ಹುಡುಗಿಯರು ಇರುತ್ತಾರೆ. ಒಂದೇ ಕೂಗು ದಂಡಿನವರ ಕಿವಿಯಲ್ಲಿ ಹಾಬ್ಸನ್-ಜಾಬ್ಸನ್ ಆಯಿತು, ಇಲ್ಲಿನ ಹಟ್ಟಿಗಳಲ್ಲಿ ಹುಸೇನಪ್ಪ ಆಯಿತು. ಕರ್ಬಲಾದ ಹುಸೇನನಿಗೆ ಕನ್ನಡದ ‘ಅಪ್ಪ’ ಹಚ್ಚಿ ತೊಟ್ಟಿಲಲ್ಲಿ ಹಾಕಿದ ಜನರ ಬಗ್ಗೆ ನನಗಿರುವ ಅಭಿಮಾನವನ್ನು ನಾನು ಎಲ್ಲಿಯೂ ಮುಚ್ಚಿಟ್ಟಿಲ್ಲ.

ಇಂಗ್ಲಿಷಿನಲ್ಲಿ ಹುಕುಮಿನ ಕ್ರಿಯಾಪದಗಳೆಲ್ಲ ಅಳಿದುಹೋದವು ಅಂದರೆ ತಪ್ಪಾಗುತ್ತದೆ. ಅವುಗಳಲ್ಲಿ ಒಂದು ಜಗತ್ತನ್ನೇ ಸುತ್ತಿದೆ, ಶಾಂಪೂ. ‘ಚಾಂಪೋ’, ಅಂದರೆ ಮೈ ಒತ್ತು, ಎಂಬ ಆಜ್ಞೆಯೇ ಅದರ ಮೂಲ. ಮೊದಲು ಅದರ ಅರ್ಥ ಮೈ ತಿಕ್ಕಿ ಒತ್ತುವುದು ಎಂದೇ ಇತ್ತು. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ ಸ್ನಾನಗೃಹ ತೆರೆದು, ಹಬೆಯಲ್ಲಿ ಮೈ ಒತ್ತುವ ಚಿಕಿತ್ಸೆ ನಡೆಸಿ, ದೊರೆ ನಾಲ್ಕನೆಯ ಜಾರ್ಜನ ಶಾಂಪೂ ವೈದ್ಯನೆಂಬ ಪದವಿ ಪಡೆದ. ಮೈಯಿಂದ ತಲೆಗೂದಲಿಗೆ ಆ ಪದ ಏರಿದ್ದು ಆಮೇಲೆ. ‘ದೇಖೋ’ ಎಂಬುದು ಡೆಕ್ಕೋ ಆಗಿ, ಒಮ್ಮೆ ಕಣ್ಣು ಹಾಯಿಸು ಎಂಬ ಅರ್ಥದಲ್ಲಿ ಬ್ರಿಟನ್ನಿನ ಆಡುಮಾತಿನಲ್ಲಿ ಉಳಿದುಕೊಂಡಿದೆ. ಉಳಿದವನ್ನು ಆಡುತ್ತಿದ್ದವರು ಮುಪ್ಪಾಗಿ ತಮ್ಮ ದೇಶಕ್ಕೆ ಹೋದರು, 1947ರ ನಂತರ ಹೊಸದಾಗಿ ಆಡುವವರು ಹುಟ್ಟಲಿಲ್ಲ. ಹುಕುಂ ಕೇಳುವವರು ಇಲ್ಲದ ಜಾಗದಲ್ಲಿ ಹುಕುಮಿನ ಮಾತಿಗೆ ಕೆಲಸವಿರಲಿಲ್ಲ.

ನಾನು ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ, ಮಸ್ಕಿಯ ಕಡೆಯವಳು, ಭಾಷಾಂತರದ ಪ್ರಶ್ನೆಗೆ ‘ಗೆಳತಿಯನ್ನು ಸಮಜಾಯಿಸಿ ಮನೆಗೆ ಕರೆದುಕೊಂಡು ಬಂದಳು’ ಎಂದು ಬರೆದಿದ್ದಳು. ಅದನ್ನು ನೋಡಿದ ಇನ್ನೊಬ್ಬ ಶಿಕ್ಷಕರು, ಇದು ಕನ್ನಡವಲ್ಲ, ‘ಮನವೊಲಿಸಿ’ ಎಂದಾಗಬೇಕು ಎಂದು ಕೆಂಪು ಗೆರೆ ಎಳೆದರು. ಮನವೊಲಿಸು ಚೆಲುವಾದ ಪದ, ಅದರ ಬಗ್ಗೆ ತಕರಾರಿಲ್ಲ. ಆದರೆ ಅವೆರಡೂ ಒಂದೇ ಅಲ್ಲ. ಮನವೊಲಿಸುವಾಗ ಎದುರಿಗಿನವರು ನನ್ನ ಕಡೆ ಬರಬೇಕು. ಸಮಜಾಯಿಸುವಾಗ ಅವರಿಗೆ ವಿಷಯ ತಿಳಿದು ಮನಸ್ಸು ತಣ್ಣಗಾದರೆ ಸಾಕು. ಆ ಹುಡುಗಿಯ ಗೆಳತಿಗೆ ಆದದ್ದು ಎರಡನೆಯದು. ನಾನು ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಕಲ್ಯಾಣ ಕರ್ನಾಟಕದ ಮಕ್ಕಳ ಉತ್ತರಪತ್ರಿಕೆಯಲ್ಲಿ ಇಂಥ ಪದಗಳ ಮೇಲೆ ಗೆರೆ ಎಳೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ. ಎಳೆಯುವ ಮೊದಲು, ನಿಮ್ಮ ‘ನಿಭಾಯಿಸು’, ‘ಬದಲಾಯಿಸು’ ಎಲ್ಲಿಂದ ಬಂದವೆಂದು ಒಮ್ಮೆ ನೋಡಿ.

ಆ ವರ್ಷದಿಂದ ‘ಆಯಿಸು’ ಪದಗಳನ್ನು ಮನೆಯಲ್ಲಿ ಕೇಳಿ ಬರೆದುಕೊಂಡು ಬರಲು ಮಕ್ಕಳಿಗೆ ಹೇಳತೊಡಗಿದೆ. ಕಮಾಯಿಸು, ಉಡಾಯಿಸು, ಫಸಾಯಿಸು, ಪಟಾಯಿಸು, ಠರಾಯಿಸು, ಚಮಕಾಯಿಸು, ಬಜಾಯಿಸು ಎಂದು ಪಟ್ಟಿ ಬೆಳೆಯಿತು. ಬನೌಗೆ ಜೋಡಿಯಾಗಿ ‘ಬನಾವಟಿ’ ಸಿಕ್ಕಿತು, ಬನಾವಟಿ ಕಾಗದ ಎಂದು ಒಬ್ಬ ಹುಡುಗ ಬರೆದುಕೊಂಡು ಬಂದಿದ್ದ. ಪಕರೌ ಪದಕ್ಕೆ ಮಾತ್ರ ಯಾರೂ ಜೋಡಿ ತರಲಿಲ್ಲ. ಹಿಡಿಯುವುದಕ್ಕೆ ನಮ್ಮಲ್ಲಿ ‘ಹಿಡಿ’ ಇತ್ತು. ಎತ್ತು ಹಿಡಿ, ಹಾದಿ ಹಿಡಿ, ಸಿಂಧನೂರಿನ ಬಸ್ಸು ಹಿಡಿ, ಹಟ ಹಿಡಿ. ಮೊಹರಂನ ಕತ್ತಲ ರಾತ್ರಿಯಲ್ಲಿ ಪಂಜಾ ಎತ್ತಿಕೊಂಡು ಬೆಂಕಿಯ ಸುತ್ತ ನಡೆಯುವವನನ್ನು ಮುದಗಲ್ಲಿನ ಜನ ದೇವರು ಹಿಡಿದವನು ಎನ್ನುತ್ತಾರೆ, ಅಲ್ಲಿ ಹಿಡಿಯುವುದಕ್ಕೆ ಬಲವಂತದ ಅರ್ಥವೇ ಇಲ್ಲ. ಪಟ್ಟಿಯ ಕೊನೆಗೆ ಹೊಸದೊಂದು ಸೇರ್ಪಡೆಯೂ ಬಂದಿತ್ತು, ‘ಮೊಬೈಲ್ ಚಾರ್ಜಿಗೆ ಹಚ್ಚು’. ಅದು ಆಯಿಸು ಪದವಲ್ಲ ಎಂದು ಗೊತ್ತಿದ್ದೂ ನಾನು ಅದನ್ನು ಅಳಿಸಲಿಲ್ಲ, ಲಗೌ ಪದದ ಎದುರಿಗೆ ಬರೆದಿಟ್ಟಿದ್ದೇನೆ.